ಗಂಗಾವತಿ ಗುಜರಿಯ ಹೋಟೆಲ್ ಪೆಟ್ಟಿಗೆ: ತಿಕ್ಕುವ ಮೊದಲು ಇದನ್ನೊಮ್ಮೆ ಓದಿ

ನಮಸ್ಕಾರ ಅಣ್ಣಾ. ನೀವು ಹಾಕಿದ ಫೋಟೋ ನೋಡಿದೆ. ಗಂಗಾವತಿ ಗುಜರಿಯಲ್ಲಿ ಕೊಂಡ ಪೆಟ್ಟಿಗೆಯಲ್ಲಿ ಹಿತ್ತಾಳೆ ಟೋಕನ್, ತಿಂಡಿ ದರದ ತಗಡಿನ ಬೋರ್ಡು, ಕಪ್ಪು-ಬಸಿ, ಒಂದು ಗೋಲಿ ಸೋಡಾ ಬಾಟ್ಲಿ ಇವೆ. ಜೊತೆಗೆ ನಿಮ್ಮ ಮಗಳು ಚಿಕ್ಕವಳಿದ್ದಾಗ ಬೆಂಗಳೂರಿನಿಂದ ತಂದ, ಮೆಕ್‌ಡೊನಾಲ್ಡ್ಸ್‌ನವರು ತಿಂಡಿಯ ಜೊತೆ ಕೊಡುವ ಆಟಿಕೆಗಳು. ಎಷ್ಟು ಹಳೇವು, ತಿಕ್ಕಿ ಹೊಳೆಸಬಹುದಾ, ಯಾವುದನ್ನು ಇಟ್ಟುಕೊಳ್ಳಲಿ ಅಂತ ಕೇಳಿದ್ದೀರಿ. ಮೇಲಿನ ಕಾಮೆಂಟುಗಳಲ್ಲಿ ಇಬ್ಬರು ಆಟಿಕೆ ಇಟ್ಟುಕೊಂಡು ಉಳಿದದ್ದನ್ನು ತೂಕಕ್ಕೆ ಹಾಕಿ ಅಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಆಟಿಕೆಗಳು ಊರೂರಿಗೆ ಹಂಚಲೆಂದೇ ಲೆಕ್ಕವಿಲ್ಲದಷ್ಟು ತಯಾರಾದವು. ನಿಮ್ಮ ಟೋಕನ್‌ಗಳು ಒಂದೇ ಹೋಟೆಲಿಗೆ ಬೇಕಾದಷ್ಟು ಮಾತ್ರ ಮಾಡಿಸಿದವು.

ಮೊದಲು ಬೋರ್ಡು. ಉಗುರಿನಿಂದ ಮೆಲ್ಲಗೆ ಅಕ್ಷರದ ಅಂಚು ಸವರಿ. ಗಾಜಿನ ಹಾಗೆ ಒಂದೇ ಸಮ ನುಣುಪಾಗಿದ್ದರೆ ಎನಾಮಲ್, ಅಂದರೆ ತಗಡಿನ ಮೇಲೆ ಸುಟ್ಟು ಕೂರಿಸಿದ ಗಾಜಿನಂಥ ಲೇಪ. ಅಕ್ಷರ ಸ್ವಲ್ಪ ಉಬ್ಬಿದ್ದರೆ ಕೈಯಲ್ಲಿ ಬರೆದ ಬಣ್ಣ. ಎನಾಮಲ್ ಆದರೆ ಮೆತ್ತನೆ ಬಟ್ಟೆ, ಸ್ವಲ್ಪ ಸೋಪಿನ ನೀರು ಸಾಕು, ಕೂಡಲೇ ಒರೆಸಿ ಒಣಗಿಸಿ. ಕೈಬರಹದ್ದಾದರೆ ನೀರು ಸೋಕಿಸಲೇಬೇಡಿ, ಒಣ ಬ್ರಷ್ಷಿನಿಂದ ಧೂಳು ಮಾತ್ರ ತೆಗೆಯಿರಿ. ಬಳ್ಳಾರಿಯಲ್ಲಿ ನನಗೆ ಸಿಕ್ಕ ಮೊದಲ ಬೋರ್ಡನ್ನು ನಾನು ಸೋಪು ಹಾಕಿ ತಿಕ್ಕಿಬಿಟ್ಟೆ. ಅದು ಒಗ್ಗರಣೆ-ಮಿರ್ಚಿ ಅಂಗಡಿಯದು. ಹೋಟೆಲಿನವರು ರೇಟು ಏರಿದಾಗ ಇಡೀ ಬೋರ್ಡು ಹೊಸದಾಗಿ ಬರೆಸುತ್ತಿರಲಿಲ್ಲ, ಅಂಕಿಯ ಜಾಗಕ್ಕಷ್ಟೇ ಬಣ್ಣ ಬಳಿದು ಹೊಸ ಅಂಕಿ ಹಾಕಿಸುತ್ತಿದ್ದರು. ಹಾಗೆ ಮೂರ್ನಾಲ್ಕು ಪದರ ರೇಟು ಅದರಲ್ಲಿತ್ತು. ಎಲ್ಲಾ ನೀರಿಗೆ ಹೋಯಿತು. ಈಗಲೂ ಅದನ್ನು ನೆನೆದರೆ ಸಂಕಟ ಆಗುತ್ತದೆ. ಹಾಗಾಗಿ ನೀವು ರಾತ್ರಿ ಲೈಟ್ ಆರಿಸಿ, ಬೋರ್ಡಿನ ಪಕ್ಕದಿಂದ ಟಾರ್ಚ್ ಹಿಡಿದು ನೋಡಿ. ಓರೆ ಬೆಳಕಿನಲ್ಲಿ ಕೆಳಗಿನ ಅಂಕಿಗಳು ಎದ್ದು ಕಾಣುತ್ತವೆ. ಹಾಗೇ ಫೋಟೋ ತೆಗೆದಿಡಿ.

ಕಾಲ ಹಿಡಿಯಲು ಬೋರ್ಡಿನಲ್ಲೇ ಗುರುತುಗಳಿವೆ. ಆಣೆಯಲ್ಲಿ ರೇಟು ಇದ್ದರೆ 1957ರ ಆಚೀಚೆಗಿಂತ ಹಳೇದು, ಯಾಕೆಂದರೆ ಆ ವರ್ಷ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು. ಜನ ಕೆಲವು ವರ್ಷ ಆಣೆ ಲೆಕ್ಕ ಬಿಟ್ಟಿರಲಿಲ್ಲ ಅನ್ನುವುದೂ ನೆನಪಿರಲಿ. 'ನಯಾ ಪೈಸೆ' ಅಂತಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ನಿಮ್ಮ ಊರಿಗೆ ಇನ್ನೊಂದು ಒಳ್ಳೆ ಗುರುತಿದೆ. 'ಗಂಗಾವತಿ, ಜಿ. ರಾಯಚೂರು' ಅಂತ ಬರೆದಿದ್ದರೆ 1997ಕ್ಕಿಂತ ಮುಂಚಿನದು, ಆ ವರ್ಷವೇ ಅಲ್ವಾ ಕೊಪ್ಪಳ ಜಿಲ್ಲೆ ಆದದ್ದು. ಉರ್ದು ಅಕ್ಷರವೂ ಇದ್ದರೆ ಇನ್ನೂ ಹಿಂದಕ್ಕೆ, 1956ರವರೆಗಿನ ಹೈದರಾಬಾದ್ ರಾಜ್ಯದ ಕಾಲಕ್ಕೆ ಹೋಗಬಹುದು. ಆಗ ನಿಮ್ಮ ಕಡೆ ನಿಜಾಮರದೇ ನಾಣ್ಯ, ಹಾಲಿ ಸಿಕ್ಕಾ, ಓಡುತ್ತಿತ್ತು. 7 ಹಾಲಿ ರೂಪಾಯಿ ಅಂದರೆ 6 ಕಲ್ದಾರ್ ರೂಪಾಯಿ (ಕಲ್ದಾರ್ ಅಂದರೆ ಉಳಿದ ಭಾರತದಲ್ಲಿ ಓಡುತ್ತಿದ್ದ ಸರ್ಕಾರಿ ರೂಪಾಯಿ). ನಮ್ಮ ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಇಲ್ಲಿ ಕಲ್ದಾರ್ ಲೆಕ್ಕ. ಅದಕ್ಕೇ ಆ ಕಾಲದ ಎರಡು ಊರಿನ ಬೋರ್ಡಿನ ರೇಟನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಟೋಕನ್‌ಗಳಿಗೆ ಹುಣಸೆಹಣ್ಣು, ಪೀತಾಂಬರಿ ಎರಡೂ ಬೇಡ. ಕೈ ತಾಗಿ ತಾಗಿ ಬಂದ ಆ ಕಂದು ಬಣ್ಣವೇ ಅದರ ವಯಸ್ಸು. ಆಕಾರ, ತೂತು, ಅಂಕಿ ಬೇರೆ ಬೇರೆ ಇವೆಯಾ ನೋಡಿ, ಬೇರೆ ಬೇರೆ ಗುಂಪು ಮಾಡಿ. ನನ್ನ ಹತ್ತಿರ ಇರುವ ಒಂದು ಸೆಟ್ಟಿನಲ್ಲಿ ಕಾಫಿಗೆ ದುಂಡಗಿನದು, ಊಟಕ್ಕೆ ಚೌಕ. ಕೌಂಟರಿನಲ್ಲಿ ಓದು ಬಾರದ ಹುಡುಗ ನಿಂತಿದ್ದರೂ ಕೈಗೆ ಬಿದ್ದ ಕೂಡಲೇ ಗೊತ್ತಾಗುತ್ತಿತ್ತು.

ಫಾಸ್ಟ್ ಫುಡ್ ಕಥೆ ಇರುವುದೇ ಈ ಟೋಕನ್‌ನಂಥ ವಸ್ತುಗಳಲ್ಲಿ ಅಂತ ನನಗೆ ಅನಿಸುತ್ತದೆ. ಬಡಿಸುವವರ ಕೆಲಸವನ್ನು ಒಂದು ಸಣ್ಣ ವಸ್ತು ಮಾಡತೊಡಗಿತು. 1902ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಾರ್ನ್ ಅಂಡ್ ಹಾರ್ಡಾರ್ಟ್‌ನವರು ಆಟೋಮ್ಯಾಟ್ ತೆರೆದರು. 5 ಸೆಂಟಿನ ನಾಣ್ಯ ಹಾಕಿ ಗುಂಡಿ ತಿರುಗಿಸಿದರೆ ಗಾಜಿನ ಪುಟ್ಟ ಬಾಗಿಲು ತೆರೆಯುತ್ತಿತ್ತು, ತಿಂಡಿ ತೆಗೆದುಕೊಳ್ಳುವುದು. 1948ರಲ್ಲಿ ಅಮೆರಿಕದ್ದೇ ಸ್ಯಾನ್ ಬರ್ನಾರ್ಡಿನೋ ಊರಲ್ಲಿ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು ತಮ್ಮ ಚೆನ್ನಾಗಿ ನಡೆಯುತ್ತಿದ್ದ ಹೋಟೆಲನ್ನೇ ಮುಚ್ಚಿ, ಹೊಸ ರೀತಿಯಲ್ಲಿ ತೆರೆದರು. ಕಾರಿನ ಹತ್ತಿರ ತಂದುಕೊಡುವವರು, ಪಿಂಗಾಣಿ ತಟ್ಟೆ, ಚಮಚ ಎಲ್ಲಾ ತೆಗೆದರು. ಉಳಿದದ್ದು ಕಾಗದ, 9 ಬಗೆಯ ಐಟಂ, 15 ಸೆಂಟಿಗೆ ಒಂದು ಹ್ಯಾಂಬರ್ಗರ್. ತೊಳೆಯುವ ಪಾತ್ರೆಯೇ ಇಲ್ಲದ ಹೋಟೆಲು! ನಮ್ಮಲ್ಲಿ 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಕೆಎಫ್‌ಸಿ ಬ್ರಿಗೇಡ್ ರೋಡಿಗೆ ಬಂದದ್ದು 1995ರಲ್ಲಿ. ಅಂದರೆ ಅದಕ್ಕೂ 12 ವರ್ಷ ಮೊದಲೇ ನಾವು ಕೌಂಟರಿನಲ್ಲಿ ದುಡ್ಡು ಕೊಟ್ಟು, ನಿಂತು ಇಡ್ಲಿ ತಿನ್ನುತ್ತಿದ್ದೆವು. ಆದರೆ ಸ್ಟೀಲ್ ತಟ್ಟೆ ಬಿಡಲಿಲ್ಲ.

ಕಪ್ಪು-ಬಸಿಯ ಅಡಿಯಲ್ಲಿ ಕಾರ್ಖಾನೆಯ ಮುದ್ರೆ ಹುಡುಕಿ. ಅಂಚು ಒಡೆದಿದ್ದರೆ ಅಂಟು ಹಾಕಬೇಡಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಎಷ್ಟೋ ಊರುಗಳ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ, ಬೇರೆ ಕಪ್ಪು ಹೊರಗೆ ಇಡುತ್ತಿದ್ದರು. 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾನೂನು ಬಂದ ಮೇಲೂ ಇದು ನಿಲ್ಲಲಿಲ್ಲ. ಆ ಕಪ್ಪನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಉಳಿದವುಗಳ ಹಾಗೇ ಇರುತ್ತದೆ. ಅಲ್ಲಿ ಚಹಾ ಕುಡಿದವರು, ಕೆಲಸ ಮಾಡಿದವರು ಹೇಳಿದರೆ ಮಾತ್ರ ತಿಳಿಯುತ್ತದೆ. ಹಾಗಾಗಿ ಈ ವಾರವೇ ಗುಜರಿಯವರ ಹತ್ತಿರ ಹೋಗಿ, ಪೆಟ್ಟಿಗೆ ಯಾವ ಮನೆಯಿಂದ ಬಂತು, ಹೋಟೆಲು ಯಾವ ಬೀದಿಯಲ್ಲಿತ್ತು ಕೇಳಿ. ಆ ಬೀದಿಯ ಹಿರಿಯರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆದಿಡಿ. ಯಾರಿಗೆ ಎಲ್ಲಿ ಚಹಾ ಕೊಡುತ್ತಿದ್ದರು ಅನ್ನುವುದನ್ನೂ ಬಿಡದೆ ಕೇಳಿ.

ಗೋಲಿ ಸೋಡಾ ಬಾಟ್ಲಿ ಸುಲಭ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಕುತ್ತಿಗೆಯ ರಬ್ಬರಿಗೆ ಒತ್ತಿ ಮುಚ್ಚುತ್ತದೆ. ರಬ್ಬರು ಒಣಗಿ ಬಿರುಕು ಬಿಟ್ಟಿದ್ದರೂ ತೆಗೆದು ಹೊಸದು ಹಾಕಬೇಡಿ.

ಆಟಿಕೆಗಳ ಅಡಿಯಲ್ಲಿ ಅಚ್ಚಾದ ವರ್ಷ ಹಕ್ಕುಸ್ವಾಮ್ಯದ್ದು, ಕೊಟ್ಟ ವರ್ಷ ಅಂತ ತಿಳಿಯಬೇಡಿ. ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದದ್ದೇ 1996ರ ಅಕ್ಟೋಬರಿನಲ್ಲಿ, ಅದೂ ದೆಹಲಿಗೆ. ಬ್ಯಾಟರಿ ಇದ್ದರೆ ಇವತ್ತೇ ತೆಗೆಯಿರಿ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮೆತ್ತನೆ ಪ್ಲಾಸ್ಟಿಕ್ ಅಂಟಂಟಾಗುತ್ತದೆ. ತಗಡಿನ ಛಾವಣಿ ಕೆಳಗೆ, ಅಟ್ಟದಲ್ಲಿ ಇಡಬೇಡಿ. ಪ್ಲಾಸ್ಟಿಕ್ ಚೀಲದ ಬದಲು ಹಳೇ ಕಾಟನ್ ಬಟ್ಟೆಯಲ್ಲಿ ಸುತ್ತಿ. ರಬ್ಬರ್ ಬ್ಯಾಂಡ್ ಯಾವುದಕ್ಕೂ ಹಾಕಬೇಡಿ, ಕರಗಿ ಹಿಡಿದುಕೊಳ್ಳುತ್ತದೆ.

ಮರೆತಿದ್ದೆ, ಫೋಟೋದ ಮೂಲೆಯಲ್ಲಿ ಬಿಲ್ಲುಗಳು ಕಂಡವು. ನುಣುಪು ಕಾಗದದ ಮೆಷಿನ್ ಬಿಲ್ಲಾದರೆ ಬಿಸಿಗೆ ಅಕ್ಷರ ಮಾಸಿಹೋಗುತ್ತದೆ, ಮೊದಲು ಅವುಗಳ ಫೋಟೋ ತೆಗೆಯಿರಿ. ಲ್ಯಾಮಿನೇಷನ್ ಬೇಡ, ಆ ಶಾಖಕ್ಕೆ ಕಾಗದ ಪೂರ್ತಿ ಕಪ್ಪಾಗುತ್ತದೆ.

ಬೋರ್ಡಿನ ಕೆಳಗಿನ ಬಲಮೂಲೆ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ ಅಣ್ಣಾ. ಅಲ್ಲಿ ಸಣ್ಣ ಅಕ್ಷರದಲ್ಲಿ ಪೇಂಟರ್ ಸಹಿ ಇರುವ ಹಾಗೆ ಕಾಣುತ್ತಿದೆ. ಹೊಸಪೇಟೆ, ಬಳ್ಳಾರಿ ಕಡೆಯ ಹಳೇ ಪೇಂಟರ್‌ಗಳನ್ನು ಬಲ್ಲವರು ಈ ಗುಂಪಿನಲ್ಲಿ ಇದ್ದಾರೆ, ಯಾರಾದರೂ ಗುರುತು ಹಿಡಿಯಬಹುದು.