ಓದುಗರ ಪ್ರಶ್ನೆ: ಹಳೆ ಪ್ರೊಸೆಸರಿನಿಂದ ಇನ್ನೆಷ್ಟು ಕೆಲಸ ತೆಗೆಯಬಹುದು?

ಪ್ರಶ್ನೆ: ನನ್ನಲ್ಲಿ ಕೋರ್ ಐ5-2500ಕೆ ಪ್ರೊಸೆಸರ್, ಎಚ್61 ಮದರ್‌ಬೋರ್ಡ್ ಇವೆ. ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಮಲ್ಟಿಪ್ಲೈಯರ್ 37 ದಾಟುತ್ತಿಲ್ಲ. ಬೇಸ್ ಕ್ಲಾಕ್ ಏರಿಸಿ ಓವರ್‌ಕ್ಲಾಕ್ (ನಿಗದಿತ ವೇಗ ಮೀರಿ ಓಡಿಸುವುದು) ಮಾಡಬಹುದೇ?

ಉತ್ತರ: ಬೇಡ. ಬೇಸ್ ಕ್ಲಾಕನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಸಿಗುವುದೇ ಪ್ರೊಸೆಸರಿನ ವೇಗ. ಈ ತಲೆಮಾರಿನಲ್ಲಿ 100 ಮೆಗಾಹರ್ಟ್ಸ್‌ನ ಬೇಸ್ ಕ್ಲಾಕ್ ಒಂದರಿಂದಲೇ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್‌ಗಳ ಸಂಪರ್ಕ), ಸಾಟಾ (ಡಿಸ್ಕಿನ ಸಂಪರ್ಕ) ಎಲ್ಲವೂ ನಡೆಯುತ್ತವೆ. 105ರ ಆಸುಪಾಸಿಗೆ ಬರುವಷ್ಟರಲ್ಲಿ ಡಿಸ್ಕಿಗೆ ಬರೆದದ್ದು ಕೆಡಬಹುದು, ಅದೂ ಸದ್ದಿಲ್ಲದೆ. ನಿಮ್ಮ ಪ್ರೊಸೆಸರಿಗೆ ಬೀಗವಿಲ್ಲ, ಬೀಗ ಇರುವುದು ಬೋರ್ಡಿನಲ್ಲಿ. ಪಿ67, ಝಡ್68 ಅಥವಾ ಝಡ್77 ಚಿಪ್‌ಸೆಟ್ (ಬೋರ್ಡಿನ ನಿಯಂತ್ರಕ ಚಿಪ್) ಇದ್ದರೆ ಮಲ್ಟಿಪ್ಲೈಯರ್ ಏರುತ್ತದೆ.

ಅಂಥ ಬೋರ್ಡ್ ಸಿಕ್ಕರೆ ಮೊದಲು ಹೀಟ್‌ಸಿಂಕ್ ಬಿಚ್ಚಿ. ಒಣಗಿ ಗಟ್ಟಿಯಾದ ಹಳೆ ಥರ್ಮಲ್ ಪೇಸ್ಟನ್ನು (ಚಿಪ್‌ನ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಲೇಪ) ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಬಟಾಣಿಗಿಂತ ಚಿಕ್ಕದೊಂದು ಹನಿ ಹೊಸ ಪೇಸ್ಟ್ ಹಾಕಿ. ಬಯೋಸ್‌ನಲ್ಲಿ ಡೀಫಾಲ್ಟ್ ಲೋಡ್ ಮಾಡಿ, ಪೂರ್ಣ ಹೊರೆಯಲ್ಲಿ ತಾಪ ಎಷ್ಟಿದೆ, ವೋಲ್ಟೇಜ್ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಮಲ್ಟಿಪ್ಲೈಯರ್ 40. ಈ ಚಿಪ್‌ಗಳಲ್ಲಿ ಬಹುಪಾಲು ವೋಲ್ಟೇಜ್ ಮುಟ್ಟದೆಯೇ 4 ಗಿಗಾಹರ್ಟ್ಸ್‌ಗೆ ಬರುತ್ತವೆ. ಅಲ್ಲಿಂದ ಒಂದೊಂದೇ ಅಂಕ ಏರಿಸಿ, ಪ್ರತಿ ಸಲ ಪ್ರೊಸೆಸರಿಗೆ ಪೂರ್ಣ ಹೊರೆ ಹೇರಿ ಪರೀಕ್ಷಿಸುವ ಪ್ರೈಮ್95 ತಂತ್ರಾಂಶವನ್ನು 20 ನಿಮಿಷ ಓಡಿಸಿ. ಕುಸಿದರೆ ಮಾತ್ರ ವೋಲ್ಟೇಜ್ 0.01ರಷ್ಟು ಹೆಚ್ಚಿಸಿ. ವೋಲ್ಟೇಜನ್ನು ‘ಆಟೋ’ದಲ್ಲಿ ಬಿಡಬೇಡಿ, ಬೇಕಾದದ್ದಕ್ಕಿಂತ ಹೆಚ್ಚೇ ಕೊಡುತ್ತದೆ.

ದಿನನಿತ್ಯದ ಬಳಕೆಗೆ 1.35 ವೋಲ್ಟ್, 80 ಡಿಗ್ರಿ ಸೆಲ್ಸಿಯಸ್ ದಾಟದಿರುವುದು ಒಳ್ಳೆಯದು. ವಿದ್ಯುತ್ ಬಳಕೆ ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. 3.3ರಿಂದ 4.4 ಗಿಗಾಹರ್ಟ್ಸ್‌ಗೆ, 1.20ರಿಂದ 1.35 ವೋಲ್ಟ್‌ಗೆ ಹೋದರೆ 1.33 × 1.27, ಅಂದರೆ ಸುಮಾರು 1.7 ಪಟ್ಟು. 95 ವಾಟ್‌ನ ಚಿಪ್ 160ರ ಹತ್ತಿರ ಬಂತು. ಹತ್ತು ವರ್ಷ ದುಡಿದ ಪವರ್ ಸಪ್ಲೈ ಇದನ್ನು ತಡೆಯುತ್ತದೆಯೇ ನೋಡಿ. ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಓವರ್‌ಕ್ಲಾಕ್ ವಿಚಾರವನ್ನೇ ಬಿಡಿ.

ಬೋರ್ಡ್ ಬದಲಿಸುವ ಮನಸ್ಸಿಲ್ಲವೇ? ಹಾಗಾದರೆ ಸೆಕೆಂಡ್‌ಹ್ಯಾಂಡ್ ಕ್ಸಿಯಾನ್ ಇ3-1230 ವಿ2 (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಹುಡುಕಿ. ಸಾಕೆಟ್ ಅದೇ 1155, ನಾಲ್ಕು ಕೋರ್, ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು), 69 ವಾಟ್. ವಿಡಿಯೊ ಎನ್‌ಕೋಡಿಂಗ್‌ನಂಥ ಕೆಲಸಕ್ಕೆ ಇದೇ ಮೇಲು. ಎರಡು ಎಚ್ಚರಿಕೆ: ಇದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಬೇಕು. ಇನ್ನು ಬಯೋಸ್ ಅಪ್‌ಡೇಟನ್ನು ಹಳೆ ಪ್ರೊಸೆಸರ್ ಕೂರಿಸಿದ್ದಾಗಲೇ ಮುಗಿಸಿಕೊಳ್ಳಿ. ಹೊಸದನ್ನು ಹಾಕಿದ ಮೇಲೆ ಪರದೆಯೇ ಬೆಳಗದಿದ್ದರೆ ಅಪ್‌ಡೇಟ್ ಮಾಡುವುದೆಲ್ಲಿಂದ?

ಪ್ರಶ್ನೆ: ಅದೇ 2500ಕೆ, 4.4 ಗಿಗಾಹರ್ಟ್ಸ್. ಪ್ರೈಮ್95 ಎಂಟು ತಾಸು ಓಡುತ್ತದೆ. ಆದರೆ ಸುಮ್ಮನೆ ಬಿಟ್ಟಾಗ 0ಎಕ್ಸ್124 ಎಂಬ ನೀಲಿ ಪರದೆ ಬರುತ್ತದೆ. ಏಕೆ?

ಉತ್ತರ: ನೀವು ವೋಲ್ಟೇಜನ್ನು ಆಫ್‌ಸೆಟ್ ಮೋಡ್‌ನಲ್ಲಿ (ಚಿಪ್ ಕೇಳುವ ವೋಲ್ಟೇಜಿಗೆ ಇಷ್ಟು ಕೂಡಿಸು ಅಥವಾ ಕಳೆ ಎನ್ನುವ ಸೆಟ್ಟಿಂಗ್), ಋಣ ಅಂಕೆಯಲ್ಲಿ ಇಟ್ಟಿರುವ ಸಾಧ್ಯತೆ ಹೆಚ್ಚು. ಲೋಡ್‌ಲೈನ್ ಕ್ಯಾಲಿಬ್ರೇಶನ್ (ಹೊರೆಯಲ್ಲಿ ವೋಲ್ಟೇಜ್ ಕುಸಿಯದಂತೆ ಹಿಡಿಯುವ ಸೆಟ್ಟಿಂಗ್) ಜೋರಾಗಿದ್ದರೆ ಹೊರೆ ಬಿದ್ದಾಗ ವೋಲ್ಟೇಜ್ ಸಾಕಷ್ಟು ಸಿಗುತ್ತದೆ, ಹಾಗಾಗಿ ಪರೀಕ್ಷೆ ಪಾಸು. ಚಿಪ್ 1.6 ಗಿಗಾಹರ್ಟ್ಸ್‌ಗೆ ಇಳಿದು ವಿಶ್ರಮಿಸುವಾಗ ಮೊದಲೇ ಕಡಿಮೆ ಇರುವ ವೋಲ್ಟೇಜಿನಿಂದಲೂ ಆ ಆಫ್‌ಸೆಟ್ ಕಳೆಯುತ್ತದೆ, ಅಲ್ಲಿ ಕುಸಿತ. ಲೋಡ್‌ಲೈನನ್ನು ಒಂದು ಹಂತ ಇಳಿಸಿ, ಆಫ್‌ಸೆಟ್ಟನ್ನು ಸೊನ್ನೆಯ ಕಡೆಗೆ 0.005ರಂತೆ ತನ್ನಿ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ವಿಯಾ-ಲಾಗರ್’ (WHEA-Logger) ಎಚ್ಚರಿಕೆಗಳು ಸಾಲಾಗಿ ಇದ್ದರೆ ಪರದೆ ನೀಲಿಯಾಗದಿದ್ದರೂ ಚಿಪ್ ತಪ್ಪು ತಿದ್ದಿಕೊಳ್ಳುತ್ತ ಏದುಸಿರು ಬಿಡುತ್ತಿದೆ ಎಂದೇ ಅರ್ಥ. ಬರುವುದು 0ಎಕ್ಸ್1ಎ ಆಗಿದ್ದರೆ ಅನುಮಾನ ರ‍್ಯಾಮ್ ಮೇಲೆ. ಓವರ್‌ಕ್ಲಾಕ್ ತೆಗೆದು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ.

ಪ್ರಶ್ನೆ: ಕೋರ್ 2 ಕ್ವಾಡ್ ಕ್ಯೂ6600 ಇದೆ. 3 ಗಿಗಾಹರ್ಟ್ಸ್ ಮಾಡಿ ವಿಂಡೋಸ್ 11 ಹಾಕಬಹುದೇ? ಇಲ್ಲವೆಂದರೆ ಏನಕ್ಕೆ ಬಳಸಲಿ?

ಉತ್ತರ: 3 ಗಿಗಾಹರ್ಟ್ಸ್ ಸುಲಭ. ಎಫ್‌ಎಸ್‌ಬಿ (ಈ ತಲೆಮಾರಿನ ಬೇಸ್ ಕ್ಲಾಕ್) 266ರಿಂದ 333ಕ್ಕೆ, ಮಲ್ಟಿಪ್ಲೈಯರ್ 9 ಹಾಗೇ ಇರಲಿ. ರ‍್ಯಾಮ್ ಅನುಪಾತ 1:1 ಇಟ್ಟರೆ ಡಿಡಿಆರ್2-667 ತನ್ನ ಮಿತಿಯಲ್ಲೇ ಓಡುತ್ತದೆ. ಇಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕ್ಲಾಕ್ ಬೇರೆಯೇ ಇರುತ್ತದೆ, ಅದನ್ನು 100ಕ್ಕೆ ಲಾಕ್ ಮಾಡಿ. ನಾರ್ತ್‌ಬ್ರಿಜ್ (ಬೋರ್ಡಿನ ಮುಖ್ಯ ಚಿಪ್) ಹೀಟ್‌ಸಿಂಕ್ ಕೈ ಇಡಲಾಗದಷ್ಟು ಕಾದರೆ ಅದರ ಮೇಲೊಂದು ಚಿಕ್ಕ ಫ್ಯಾನ್ ಬೇಕು.

ವಿಂಡೋಸ್ 11 ಮರೆತುಬಿಡಿ. 24ಎಚ್2 ಆವೃತ್ತಿಯಿಂದ ಪಾಪ್‌ಕೌಂಟ್ ಎಂಬ ಸೂಚನೆ (ಪ್ರೊಸೆಸರಿಗೆ ಅರ್ಥವಾಗಬೇಕಾದ ಆದೇಶ) ಕಡ್ಡಾಯ, ಅದು ಈ ಚಿಪ್‌ನಲ್ಲಿಲ್ಲ. ವೇಗ ಎಷ್ಟೇ ಏರಿಸಿದರೂ ಇಲ್ಲದ ಸೂಚನೆ ಬರುವುದಿಲ್ಲ. ಎವಿಎಕ್ಸ್ ಎಂಬ ಸೂಚನೆಗಳೂ ಇಲ್ಲ, ಹಾಗಾಗಿ ಮೊಂಗೋಡಿಬಿ 5ರಂಥ ಡೇಟಾಬೇಸ್ ತಂತ್ರಾಂಶಗಳೂ ಓಡವು. 64 ಬಿಟ್ ಡೆಬಿಯನ್ ಲಿನಕ್ಸ್ ಚೆನ್ನಾಗಿಯೇ ನಡೆಯುತ್ತದೆ. ಆದರೆ 24 ತಾಸಿನ ಸರ್ವರ್ ಮಾಡಬೇಡಿ, ಖಾಲಿ ಕೂತಾಗಲೂ ಈ ತಲೆಮಾರು ಕರೆಂಟ್ ಕುಡಿಯುತ್ತದೆ. ಬ್ಯಾಕಪ್ ಇರುವ ದಿನ ಮಾತ್ರ ವೇಕ್-ಆನ್-ಲ್ಯಾನ್‌ನಿಂದ (ನೆಟ್‌ವರ್ಕ್ ಮೂಲಕ ಆನ್ ಮಾಡುವ ಸೌಲಭ್ಯ) ಎಬ್ಬಿಸಿ, ಕೆಲಸ ಮುಗಿದೊಡನೆ ಆಫ್ ಆಗುವಂತೆ ಮಾಡಿ. ಆ ಕೆಲಸಕ್ಕೆ 2.4 ಗಿಗಾಹರ್ಟ್ಸ್ ಸಾಕು, ವೋಲ್ಟೇಜ್ ಇನ್ನಷ್ಟು ಇಳಿಸಲೂಬಹುದು. ಬೋರ್ಡಿನ ಸಿಆರ್2032 ಬ್ಯಾಟರಿ ಮಾತ್ರ ಈಗಲೇ ಬದಲಿಸಿ. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಬಯೋಸ್ ಸೆಟ್ಟಿಂಗ್ ಅಳಿಸಿಹೋಗಿ, ವೇಕ್-ಆನ್-ಲ್ಯಾನ್ ಕೂಡ ಆಫ್ ಆಗಬಹುದು.