ಮಗಳು ಮಡಿಸಿದ ಬಟ್ಟೆಯನ್ನು ಮತ್ತೆ ಮಡಿಸಬೇಡಿ

ಪ್ರಶ್ನೆ: ನಾನು ಉದ್ಯೋಗಸ್ಥೆ. ಹನ್ನೊಂದು ವರ್ಷದ ಮಗ, ಏಳು ವರ್ಷದ ಮಗಳು ಇದ್ದಾರೆ. ಮನೆಗೆಲಸದ ಮೂಲಕವೇ ಮಕ್ಕಳಿಗೆ ಪಾಠ ಕಲಿಸಬಹುದು ಎಂದು ಓದಿ, ಮೂರು ತಿಂಗಳ ಹಿಂದೆ ಶುರು ಮಾಡಿದೆ. ಮಗಳು ಬಟ್ಟೆ ಮಡಿಸುವಾಗ ಲೆಕ್ಕ ಕೇಳುತ್ತೇನೆ, ಪಾತ್ರೆ ಒರೆಸುವಾಗ ವಿಜ್ಞಾನ ಹೇಳುತ್ತೇನೆ. ಮಗನಿಗೆ ಕಸದ ಬುಟ್ಟಿ ಹೊರಗಿಡುವ ಕೆಲಸ. ಕೆಲಸಕ್ಕೊಂದು ಸ್ಟಾರ್, ಹತ್ತು ಸ್ಟಾರ್ ಆದರೆ ಉಡುಗೊರೆ. ಮೊದಲ ಎರಡು ವಾರ ಇಬ್ಬರೂ ಕುಣಿದರು. ಈಗ ಮಗ ‘ಇದಕ್ಕೆ ಎಷ್ಟು ಸ್ಟಾರ್?’ ಎಂದು ಚೌಕಾಸಿಗೆ ಇಳಿಯುತ್ತಾನೆ. ಮಗಳು ಬಟ್ಟೆಯ ಬುಟ್ಟಿ ಕಂಡರೆ ಓಡುತ್ತಾಳೆ. ಅವಳು ಮಡಿಸಿದ್ದನ್ನೆಲ್ಲ ರಾತ್ರಿ ನಾನು ಮತ್ತೆ ಮಡಿಸಬೇಕು. ‘ನೀನೇ ಮಾಡಿದರೆ ಹತ್ತು ನಿಮಿಷದ ಕೆಲಸ, ಮಕ್ಕಳನ್ನು ಓದಲು ಬಿಡು’ ಎನ್ನುತ್ತಾರೆ ನನ್ನ ಗಂಡ. ನಾನು ಎಡವಿದ್ದು ಎಲ್ಲಿ?

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ಎರಡು ಸಲ ಓದಿದೆ. ಮಗಳು ಮಡಿಸಿದ ಬಟ್ಟೆಯನ್ನು ರಾತ್ರಿ ಬಿಚ್ಚಿ ಮತ್ತೆ ಮಡಿಸುತ್ತೀರಿ ಎಂಬ ಸಾಲು. ಅವಳು ಮಲಗಿದ ಮೇಲೆ ಮಾಡುತ್ತೀರೇನೋ. ಆದರೆ ಬೆಳಿಗ್ಗೆ ಕಪಾಟು ತೆರೆದಾಗ ತನ್ನ ಮಡಿಕೆ ಯಾವುದು, ಅಮ್ಮನದು ಯಾವುದು ಎಂದು ಏಳು ವರ್ಷದ ಮಗುವಿಗೆ ಗೊತ್ತಾಗುತ್ತದೆ. ತಾನು ಮಾಡಿದ್ದು ಲೆಕ್ಕಕ್ಕಿಲ್ಲ ಎಂದು ಅವಳಿಗೆ ಅನಿಸಿದ್ದರೆ, ಬುಟ್ಟಿ ಕಂಡು ಓಡುವುದರಲ್ಲಿ ಆಶ್ಚರ್ಯವೇನಿದೆ?

ಎರಡನೆಯದು ನಿಮ್ಮ ಪ್ರಶ್ನೆಗಳು. ಕಚೇರಿಯಲ್ಲಿ ನೀವು ಕಡತ ಜೋಡಿಸುತ್ತಿರುವಾಗ ಮೇಲಧಿಕಾರಿ ಪಕ್ಕದಲ್ಲೇ ನಿಂತು ‘ಇದರಲ್ಲಿ ಶೇಕಡ ಎಷ್ಟು ಮುಗಿಯಿತು ಹೇಳಿ’ ಎಂದು ಕೇಳುತ್ತಲೇ ಇದ್ದರೆ ಹೇಗಿರುತ್ತದೆ? ಕೆಲಸದ ಮೇಲೆ ಪಾಠವನ್ನು ಹೇರಬೇಕಾಗಿಲ್ಲ, ಅದು ಕೆಲಸದ ಒಳಗೇ ಇದೆ. ಟವೆಲನ್ನು ಒಮ್ಮೆ ಮಡಿಸಿದರೆ ಅರ್ಧ, ಇನ್ನೊಮ್ಮೆ ಮಡಿಸಿದರೆ ಕಾಲು. ಭಿನ್ನರಾಶಿ ಎಂಬ ಹೆಸರು ಪುಸ್ತಕದಲ್ಲಿ ಎದುರಾಗುವ ಹೊತ್ತಿಗೆ ಅವಳ ಕೈಗೆ ಅದರ ಪರಿಚಯವಿರುತ್ತದೆ. ಕಾಲುಚೀಲಗಳನ್ನು ಜೊತೆ ಮಾಡುವುದೆಂದರೆ ಬಣ್ಣ, ಅಳತೆ, ನೇಯ್ಗೆ ನೋಡಿ ವಿಂಗಡಿಸುವುದು. ಕೊನೆಗೆ ಒಂಟಿಯಾಗಿ ಉಳಿದ ಕಾಲುಚೀಲ ಬೆಸಸಂಖ್ಯೆಯ ಪಾಠವನ್ನು ನಿಮಗಿಂತ ಚೆನ್ನಾಗಿ ಮಾಡುತ್ತದೆ.

ನಿಮ್ಮ ಮಗಳ ವಯಸ್ಸಿನಲ್ಲಿ ಇನ್ನೊಂದು ಸೊಗಸಿದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತೋರಿಸಿದ ಹಾಗೆ, ಅಗಲ ಲೋಟದ ನೀರನ್ನು ಕಣ್ಣೆದುರೇ ಸಪೂರವಾದ ಎತ್ತರದ ಲೋಟಕ್ಕೆ ಸುರಿದರೂ ಪುಟ್ಟ ಮಕ್ಕಳು ನೀರು ಹೆಚ್ಚಾಯಿತು ಎನ್ನುತ್ತಾರೆ. ಅಷ್ಟೇ ಇದೆ ಎಂಬ ತಿಳಿವು ಮೂಡುವುದು ಹೆಚ್ಚುಕಡಿಮೆ ಏಳರ ಸುಮಾರಿಗೆ. ಹಾಗಾಗಿ ಅಡುಗೆಮನೆಯಲ್ಲಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವ ಕೆಲಸವನ್ನು ಅವಳಿಗೇ ಬಿಡಿ. ‘ಹಿಡಿಸುತ್ತದೆ ಅನಿಸುತ್ತದೆಯೇ?’ ಎಂದಷ್ಟೇ ಕೇಳಿ, ಸುಮ್ಮನಾಗಿ. ಚೆಲ್ಲಿದರೆ ಒರೆಸುವ ಬಟ್ಟೆ ಕೈಗೆ ಕೊಡಿ, ಉಪದೇಶ ಬೇಡ. 1907ರಲ್ಲಿ ರೋಮ್ ನಗರದಲ್ಲಿ ಬಡ ಕಾರ್ಮಿಕರ ಮಕ್ಕಳಿಗಾಗಿ ಮಾರಿಯಾ ಮಾಂಟೆಸರಿ ಶುರು ಮಾಡಿದ ಶಾಲೆಯಲ್ಲಿ ಗುಡಿಸುವುದು, ಸುರಿಯುವುದು, ಗುಂಡಿ ಹಾಕುವುದು ಎಲ್ಲವೂ ಕಲಿಕೆಯ ಭಾಗವಾಗಿದ್ದವು. ಆಕೆ ಮಕ್ಕಳ ಕೈಗೆ ಕೊಟ್ಟದ್ದು ಆಟಿಕೆಗಳನ್ನಲ್ಲ, ಅವರ ಅಳತೆಗೆ ತಕ್ಕ ನಿಜವಾದ ಸಾಮಾನುಗಳನ್ನು, ಬಿದ್ದರೆ ಒಡೆಯುವಂಥವುಗಳನ್ನೂ.

ಇನ್ನು ಸ್ಟಾರ್‌ಗಳ ವಿಚಾರ. ಅಮೆರಿಕದಲ್ಲಿ 1973ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಬಹುಮಾನ ಎಂದು ಮೊದಲೇ ಹೇಳಿದರು. ಆಮೇಲೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಚಿತ್ರ ಬಿಡಿಸುವುದೇ ಕಡಿಮೆಯಾಯಿತು. ಮೊದಲೇ ಹೇಳದೆ ಬಹುಮಾನ ಪಡೆದವರಲ್ಲಿ ಹಾಗಾಗಲಿಲ್ಲ. ನಿಮ್ಮ ಮಗ ಚೌಕಾಸಿ ಮಾಡುವುದು ಕೆಟ್ಟತನದಿಂದಲ್ಲ. ವ್ಯಾಪಾರ ಕಲಿಸಿದವರು ನೀವು, ಅವನು ಚೆನ್ನಾಗಿ ಕಲಿತಿದ್ದಾನೆ. ಕೋಪದಲ್ಲಿ ಆ ಪಟ್ಟಿಯನ್ನು ಹರಿದು ಹಾಕಬೇಡಿ. ಈವರೆಗಿನ ಬಾಕಿ ಉಡುಗೊರೆಗಳನ್ನು ಕೊಟ್ಟು, ಇಲ್ಲಿಗೆ ಮುಗಿಯಿತು ಎಂದು ಇಬ್ಬರಿಗೂ ಹೇಳಿ. ಒಂದಷ್ಟು ದಿನ ಮುನಿಸು ಇರುತ್ತದೆ.

ಮಗನ ಬಗ್ಗೆ ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ಏಳು ವರ್ಷದವಳಿಗೆ ಬಟ್ಟೆ, ಪಾತ್ರೆ ಎರಡೂ. ಹನ್ನೊಂದು ವರ್ಷದವನಿಗೆ ಬರೀ ಕಸದ ಬುಟ್ಟಿ. ಈ ಪಾಠವನ್ನೂ ಇಬ್ಬರೂ ಕಲಿಯುತ್ತಿದ್ದಾರೆ. ಅವನಿಗೆ ಬಿಡಿ ಕೆಲಸಗಳು ಬೇಡ, ಒಂದು ಪೂರ್ತಿ ಜವಾಬ್ದಾರಿ ಕೊಡಿ. ವಾರಕ್ಕೊಂದು ರಾತ್ರಿಯ ಊಟ ಅವನದು ಎನ್ನಿ. ಎಂಟು ಗಂಟೆಗೆ ಎಲ್ಲವೂ ಬಿಸಿಯಾಗಿ ಸಿದ್ಧವಾಗಬೇಕಾದರೆ ಯಾವುದನ್ನು ಎಷ್ಟು ಹೊತ್ತಿಗೆ ಒಲೆಗಿಡಬೇಕು ಎಂದು ಹಿಂದಿನಿಂದ ಲೆಕ್ಕ ಹಾಕಲಿ. ನಾಲ್ವರ ಅಳತೆ ಆರು ಜನಕ್ಕೆ ಒಂದೂವರೆ ಪಟ್ಟು ಎಂಬುದು ತಪ್ಪಿದರೆ ಸಾಕಾಗದೆ ಪಾತ್ರೆ ಖಾಲಿಯಾಗುತ್ತದೆ. ಆ ತಪ್ಪನ್ನು ಕೆಂಪು ಶಾಯಿಯಲ್ಲಿ ಯಾರೂ ಗುರುತು ಹಾಕಬೇಕಾಗಿಲ್ಲ. ಒಲೆ, ಚಾಕುವಿನ ಬಳಿ ಮೊದಮೊದಲು ನೀವೋ ಅವರಪ್ಪನೋ ಪಕ್ಕದಲ್ಲಿರಿ. ಪರೀಕ್ಷೆಯ ವಾರ ರಜೆ ಕೊಡಿ, ಅದಕ್ಕೆ ದೊಡ್ಡ ಚರ್ಚೆ ಬೇಕಿಲ್ಲ.

ಮಾಡಿ ಕಲಿಯಲು ಬಿಡಬಾರದ್ದು ಒಂದಿದೆ, ಅದನ್ನು ಬಾಯಿಬಿಟ್ಟು ಹೇಳಿಯೇ ಕಲಿಸಬೇಕು. ಬ್ಲೀಚ್ ಮತ್ತು ಶೌಚಾಲಯ ತೊಳೆಯುವ ಆಮ್ಲ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಬಾಟಲಿಯ ಮೇಲಿನ ಎಚ್ಚರಿಕೆಯನ್ನು ಮಗನಿಂದಲೇ ಗಟ್ಟಿಯಾಗಿ ಓದಿಸಿ. ಮಗಳ ಕೈಗೆ ಎರಡೂ ಬಾಟಲಿ ಎಟುಕದಿರಲಿ.

ನಿಮ್ಮ ಯಜಮಾನರ ‘ಹತ್ತು ನಿಮಿಷ’ದ ಲೆಕ್ಕ ಸರಿಯೇ. ಆದರೆ ಆ ಹತ್ತು ನಿಮಿಷ ಯಾರದು ಎಂದು ಅವರನ್ನು ನಿಧಾನವಾಗಿ ಕೇಳಿ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹದಿನೆಂಟು ತಿಂಗಳ ಕೂಸುಗಳು, ಅಪರಿಚಿತರ ಕೈಯಿಂದ ಬಿದ್ದ ವಸ್ತುವನ್ನು ಯಾವ ಬಹುಮಾನವೂ ಇಲ್ಲದೆ ಎತ್ತಿಕೊಟ್ಟವು. ನಿಮ್ಮ ಮಕ್ಕಳೂ ಪೊರಕೆ ಹಿಡಿದು ಹಿಂದೆ ಹಿಂದೆ ಬಂದಿರುತ್ತಾರೆ. ಆಗ ‘ಹೋಗು, ಆಡಿಕೋ’ ಎಂದು ಕಳುಹಿಸಿರುತ್ತೀರಿ, ನಾವೆಲ್ಲ ಕಳುಹಿಸಿದ ಹಾಗೆಯೇ. ಭಾನುವಾರ ಬಟ್ಟೆಯ ಬುಟ್ಟಿಯ ಸುತ್ತ ನಿಮ್ಮ ಯಜಮಾನರೂ ಬಂದು ಕೂರಲಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಮಗಳು ಮಡಿಸಿದ ಬಟ್ಟೆಗಳಲ್ಲಿ ಒಂದನ್ನು ಸೊಟ್ಟ ಮಡಿಕೆಯ ಗುರುತಿನೊಂದಿಗೇ ನಾಳೆ ಅವಳೆದುರು ತೊಟ್ಟುಕೊಂಡು ಕಚೇರಿಗೆ ಹೊರಡಿ. ಇಸ್ತ್ರಿ ಮಾಡಲೇಬೇಕು ಎನಿಸಿದರೆ, ಅವಳು ಶಾಲೆಗೆ ಹೋದ ಮೇಲೆ.