ವೆನಿಲಾ ಎಸೆನ್ಸ್ ನಿಜವಾಗಿ ಎಲ್ಲಿಂದ ಬರುತ್ತದೆ?

ಕೇಕಿಗೆ ಹಾಕುವ ಅಗ್ಗದ ವೆನಿಲಾ ಎಸೆನ್ಸ್ ಅನ್ನು ವೆನಿಲಾ ಬಳ್ಳಿಯ ಕಾಯಿಯಿಂದಲೇ ತೆಗೆಯುತ್ತಾರಾ ಅಂತ ಕೇಳಿದ್ದೀರಿ. ಇಲ್ಲ, ಬಹುಪಾಲು ಕಾರ್ಖಾನೆಯದ್ದು.

ಆ ಘಮಕ್ಕೆ ಮುಖ್ಯ ಕಾರಣ ವೆನಿಲಿನ್ ಅನ್ನುವ ಒಂದು ರಾಸಾಯನಿಕ. ಹದ ಮಾಡಿ ಒಣಗಿಸಿದ ಕಾಯಲ್ಲೂ ಅದು ಇರುವುದು ನೂರಕ್ಕೆ ಸುಮಾರು 2 ಪಾಲು ಅಷ್ಟೇ. ಅದಕ್ಕೂ ಒಂದೊಂದೇ ಹೂವಿಗೆ ಕೈಯಲ್ಲಿ ಪರಾಗಸ್ಪರ್ಶ ಮಾಡಬೇಕು. 2000ರ ಆಸುಪಾಸಿನಲ್ಲಿ ಬೆಲೆ ನೋಡಿ ವೆನಿಲಾ ಬಳ್ಳಿ ಹಬ್ಬಿಸಿದ ಮಲೆನಾಡಿನವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು, ಆಮೇಲೆ ಬೆಲೆ ಬಿದ್ದದ್ದೂ ಗೊತ್ತು!

1874ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳಾದ ಟೀಮನ್ ಮತ್ತು ಹಾರ್ಮನ್ ಪೈನ್ ಜಾತಿಯ ಮರದಲ್ಲಿರುವ ಕೋನಿಫೆರಿನ್ ಅನ್ನುವ ವಸ್ತುವಿನಿಂದ ವೆನಿಲಿನ್ ಮಾಡಿದರು. ಮುಂದೆ ಕಾಗದದ ಗಿರಣಿಯ ತ್ಯಾಜ್ಯದಲ್ಲಿರುವ ಲಿಗ್ನಿನ್‌ನಿಂದಲೂ (ಮರಕ್ಕೆ ಗಟ್ಟಿತನ ಕೊಡುವ ವಸ್ತು) ತೆಗೆದರು.

ಈಗ ಜಾಸ್ತಿ ನಡೆಯುವುದು ಗ್ವಾಯಕಾಲ್ ಅನ್ನುವ ರಾಸಾಯನಿಕದಿಂದ ಮಾಡುವ ದಾರಿ, ಆ ಗ್ವಾಯಕಾಲ್‌ನ ಮೂಲ ಪೆಟ್ರೋಲಿಯಂ. ಕ್ಷಾರ ಬೆರೆತ ನೀರಿನಲ್ಲಿ ಗ್ವಾಯಕಾಲ್ ಜೊತೆ ಗ್ಲೈಆಕ್ಸಿಲಿಕ್ ಆಮ್ಲ ಕೂಡಿಸಿ, ಬಂದದ್ದನ್ನು ಆಕ್ಸಿಡೈಸ್ ಮಾಡಿ (ಆಮ್ಲಜನಕದ ಜೊತೆ ವರ್ತಿಸುವಂತೆ ಮಾಡಿ), ಆಮೇಲೆ ಆಮ್ಲ ಹಾಕಿದರೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಹೊರಟು ವೆನಿಲಿನ್ ಉಳಿಯುತ್ತದೆ. ಶುದ್ಧ ಮಾಡಿದರೆ ಬಿಳಿ ಹರಳು. ಬಾಟಲಿಯ ಕಂದು ಬಣ್ಣ ಸಾಮಾನ್ಯವಾಗಿ ಬೇರೆ ಸೇರಿಸಿದ್ದು.

ಪೆಟ್ರೋಲಿಯಂ ಅಂತ ಸುಮ್ನೆ ಹೆದರಬೇಡಿ. ಕಾಯಿಯ ವೆನಿಲಿನ್‌ಗೂ ಇದಕ್ಕೂ ಅಣುವಿನ ರಚನೆ ಒಂದೇ. ಆದರೆ ಕಾಯಲ್ಲಿ ಇನ್ನೂ ನೂರಾರು ಪರಿಮಳದ ಅಂಶಗಳಿರುತ್ತವೆ, ಅಲ್ವಾ, ಅದಕ್ಕೇ ಐಸ್‌ಕ್ರೀಮಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಓವನ್ನಿನಲ್ಲಿ ಬೆಂದ ಕೇಕಿನಲ್ಲಿ ನನಗಂತೂ ಗೊತ್ತಾಗಿಲ್ಲ.